ಚಾಲೂ ಆಗದ ಇಂಜಿನು

(ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿವರ್ಷ ಈ ಸಭೆಯಲ್ಲಿ ಪರೀಕ್ಷೆಯ ಫಲಿತಾಂಶ, ಮಕ್ಕಳ ಹಾಜರಿ, ಕನ್ನಡ ಮಾಧ್ಯಮದ ಮುಂದಿನ ಗತಿ ಇವುಗಳನ್ನು ಕುರಿತು ನಾವು ಮಾತನಾಡುವುದು ವಾಡಿಕೆ. ಈ ಸಲ ಅವನ್ನೆಲ್ಲ ಬದಿಗಿರಿಸಿ ಒಂದು ಸಣ್ಣ ಪೆಟ್ರೋಲ್ ಇಂಜಿನನ್ನು ಕುರಿತು ಮಾತನಾಡಬೇಕೆಂದು ನಿಶ್ಚಯಿಸಿದ್ದೇವೆ. ನಾವು ಕಾಲೇಜಿನಲ್ಲಿ ಓದಿದ್ದು ಇತಿಹಾಸ, ಯಂತ್ರವಿದ್ಯೆಯಲ್ಲ. ಆದರೂ ಈ ವಿಷಯವನ್ನು ಕೈಗೆತ್ತಿಕೊಳ್ಳಲು ಕಾರಣವೇನೆಂಬುದು ನಿಮ್ಮಲ್ಲಿ ಬಹುಮಂದಿಗೆ ಗೊತ್ತಿದೆ. ಗೊತ್ತಿಲ್ಲದವರಿಗಾಗಿ ಮೊದಲು ಅದನ್ನೇ ನಿವೇದಿಸುತ್ತೇವೆ.

ಕಳೆದ ವರ್ಷದ ಸ್ನೇಹಸಮ್ಮೇಳನದ ಸಂಜೆ ಉದ್ಘಾಟನೆಯ ದೀಪ ಬೆಳಗಿ, ಸ್ವಾಗತಗೀತೆ ಮುಗಿಯುವಷ್ಟರಲ್ಲಿ ವಿದ್ಯುತ್ತು ಹೋಯಿತು. ಹಾಗಾಗಬಹುದೆಂದು ಬಾಡಿಗೆಗೆ ಒಂದು ಜನರೇಟರನ್ನು ಮೊದಲೇ ತರಿಸಿದ್ದೆವು. ಅದನ್ನು ಮೆಟ್ಟಿಲ ಪಕ್ಕದ ಇಳಿಜಾರಿನಲ್ಲಿ ಇರಿಸಲಾಗಿತ್ತು. ಹಗ್ಗ ಎಳೆದರು, ಚಾಲೂ ಆಗಲಿಲ್ಲ. ಮತ್ತೊಬ್ಬರು ಬಂದು ಎಳೆದರು, ಆಗಲಿಲ್ಲ. ವೇಷ ತೊಟ್ಟ ಮಕ್ಕಳು ಕತ್ತಲಲ್ಲಿ ಕಾಯುತ್ತಿದ್ದರು. ಅತಿಥಿಗಳು ಗಡಿಯಾರ ನೋಡುತ್ತಿದ್ದರು. ನಾವು ನಿಂತಲ್ಲಿಂದಲೇ "ಬೇಗ, ಬೇಗ" ಎನ್ನುತ್ತಿದ್ದೆವು. ಆಗ ನಮ್ಮ ಪಾಲಕರಲ್ಲೊಬ್ಬರು ಮುಂದೆ ಬಂದರು. ಅವರು ಕಟ್ಟಡದ ಕೆಲಸದವರು. ಕಾಂಕ್ರೀಟು ಹಾಕುವಲ್ಲಿ ವೈಬ್ರೇಟರಿನ ಇಂಜಿನನ್ನು ದಿನವೂ ನಡೆಸುವವರು. ಅವರು ಪ್ಲಗ್ ಬಿಚ್ಚಿ ನೋಡಿದರು. ಅದು ಪೆಟ್ರೋಲಿನಲ್ಲಿ ತೊಯ್ದಿತ್ತು. ಅನಂತರ ಕಾರ್ಬ್ಯುರೇಟರಿನ ಕೆಳಗಿನ ತಿರುಪು ಸಡಿಲಿಸಿ ಒಳಗಿದ್ದ ಪೆಟ್ರೋಲನ್ನು ನೆಲಕ್ಕೆ ಹರಿಯಬಿಟ್ಟರು. ಮೊಬೈಲಿನ ಬೆಳಕು ಸಾಲದೆಂದು ಯಾರೋ ಅಂದರು. ವೇದಿಕೆಯ ಮೇಲಿದ್ದ ದೀಪವನ್ನು ತಂದು ಕೆಳಗಿನ ಮೆಟ್ಟಿಲ ಮೇಲೆ ಇರಿಸಿದವರು ನಾವೇ. ಇಂಜಿನಿನಿಂದ ಎರಡು ಮಾರು ದೂರದಲ್ಲಿ ಇಟ್ಟೆವು. ಅಷ್ಟು ದೂರ ಸಾಕೆಂದು ಬಗೆದೆವು.

ಬೆಂಕಿ ದೀಪದಿಂದ ಹೊರಟು ನೆಲದ ಮೇಲೆಯೇ ಓಡಿತು. ಅದು ಓಡಿದ್ದನ್ನು ಕಣ್ಣು ಕಂಡಿತೇ ಹೊರತು ಬಾಯಿ ಕೂಗುವಷ್ಟು ಅವಕಾಶವಿರಲಿಲ್ಲ. ಅವರ ಬಲಗೈ ಪೆಟ್ರೋಲಿನಿಂದ ಒದ್ದೆಯಾಗಿತ್ತು. ಹಿರಿಯ ವಿದ್ಯಾರ್ಥಿಗಳು ಉದ್ದಜಿಗಿತದ ಹೊಂಡದಿಂದ ಮರಳನ್ನು ಬೊಗಸೆ ಬೊಗಸೆಯಾಗಿ ತಂದು ಸುರಿದು ನೆಲದ ಬೆಂಕಿಯನ್ನು ಆರಿಸಿದರು. ಯಾರೋ ಹಲ್ಲುಜ್ಜುವ ಪೇಸ್ಟನ್ನು ಹಚ್ಚಲು ಓಡಿಬಂದರು. ನಮ್ಮ ಸಹೋದ್ಯೋಗಿಯೊಬ್ಬರು ತಡೆದು, ಸುಟ್ಟ ಕೈಯನ್ನು ನಲ್ಲಿಯ ಕೆಳಗೆ ಪೂರಾ 20 ನಿಮಿಷ ಹಿಡಿಸಿದರು. ಅದು ಸರಿಯಾದ ಕ್ರಮವೆಂದು ಆಮೇಲೆ ವೈದ್ಯರೂ ಹೇಳಿದರು. ಆ ಪಾಲಕರಿಗೆ ಮೂರು ವಾರಗಳ ಕೆಲಸ ತಪ್ಪಿತು. ಅವರು ಇಂದು ಈ ಸಭೆಯಲ್ಲಿಯೇ ಇದ್ದಾರೆ. ಹೆಸರು ಹೇಳಬಾರದೆಂದು ಕೋರಿದ್ದಾರೆ.

ಮರುದಿನ ಮೆಕ್ಯಾನಿಕ್ ಬಂದ. ಜನರೇಟರನ್ನು ಸಮತಟ್ಟಾದ ಕಟ್ಟೆಯ ಮೇಲಿರಿಸಿದ; ಕಡ್ಡಿ ಅದ್ದಿ ಎಣ್ಣೆಯ ಮಟ್ಟ ನೋಡಿ ಸ್ವಲ್ಪ ಎಣ್ಣೆ ಸುರಿದ; ಪ್ಲಗ್ಗನ್ನು ಒರೆಸಿ ಹಾಕಿದ. ಎರಡನೆಯ ಎಳೆತಕ್ಕೆ ಇಂಜಿನು ಚಾಲೂ ಆಯಿತು! ಅದರಲ್ಲಿ ಯಾವ ದೋಷವೂ ಇರಲಿಲ್ಲ. ಇಂದಿನ ಅನೇಕ ಜನರೇಟರುಗಳಲ್ಲಿ ಎಣ್ಣೆ ಕಡಮೆಯಾದರೆ ಕಿಡಿಯನ್ನೇ ತಡೆಹಿಡಿಯುವ ಒಂದು ಏರ್ಪಾಡು ಉಂಟು. ಎಣ್ಣೆಯಿಲ್ಲದೆ ಓಡಿ ಪಿಸ್ಟನ್ನು ಕಚ್ಚಿಕೊಳ್ಳಬಾರದೆಂದು ತಯಾರಕರು ಹಾಗೆ ಮಾಡಿರುತ್ತಾರೆ. ನಮ್ಮದರಲ್ಲಿ ಎಣ್ಣೆ ತುಸು ಕಡಮೆಯಿತ್ತು. ಇಳಿಜಾರಿನಲ್ಲಿ ಇದ್ದಷ್ಟು ಎಣ್ಣೆಯೂ ಒಂದು ಮಗ್ಗುಲಿಗೆ ಸರಿದಿತ್ತು. ಯಂತ್ರವು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ಈ ಸಂಗತಿಯನ್ನು ಟ್ಯಾಂಕಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿಯೂ ಇದ್ದರು. ಇಂಗ್ಲಿಷು ಬಲ್ಲ ನಾವು ಅದನ್ನು ಓದಲಿಲ್ಲ. ಓದಲು ಬಾರದವರ ಕೈ ಸುಟ್ಟಿತು.

ಇದಾದ ಬಳಿಕ ನಾವು ನಾಲ್ಕಾರು ತಿಂಗಳು ಆ ಮೆಕ್ಯಾನಿಕ್ಕನ ಬೆನ್ನುಹತ್ತಿ, ಪುಸ್ತಕಗಳನ್ನು ನೋಡಿ, ಕಲಿತಷ್ಟನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ. ಇದು ನಿಮಗೆ ಅವಶ್ಯಕವೆಂದು ನಮಗೆ ಅನಿಸಲು ಕಾರಣವಿದೆ. ಕೊರ್ತಾಲಿಮ್‌ನಲ್ಲಿ, ಕೊಂಕಣಿಯವರ ಕುಠ್ಠಾಳಿಯಲ್ಲಿ, ಜುವಾರಿ ನದಿಯ ದಂಡೆಯ ಮೇಲೆ ನಿಂತು ಒಮ್ಮೆ ಕಿವಿಗೊಟ್ಟು ಕೇಳಿರಿ. ದೋಣಿಯ ಬೆನ್ನಿಗೆ ಕಟ್ಟಿದ ಇಂಜಿನು, ಮಳೆ ಮುಗಿದೊಡನೆ ರಸ್ತೆಯ ಬದಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರ, ಅಡಿಪಾಯದ ಗುಂಡಿಯಿಂದ ನೀರೆತ್ತುವ ಪಂಪು, ಅಂಗಡಿಯ ಮುಂದಿನ ಜನರೇಟರು, ಇವೆಲ್ಲವೂ ಅದೇ ಕುಲದವು. ಇವುಗಳನ್ನು ನಡೆಸುವ ಕೈಗಳಲ್ಲಿ ಎಷ್ಟೋ ಕೈಗಳು ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳಗಳ ಕಡೆಯಿಂದ ಬಂದವು. (1983ರಲ್ಲಿ ಸೇತುವೆ ಆಗುವ ಮುನ್ನ ಇಲ್ಲಿಂದ ಆಚೆಯ ಅಗಶಿಗೆ ಜನರನ್ನು ದಾಟಿಸುತ್ತಿದ್ದ ಫೆರಿಗಳ ಮಾತು ಬೇರೆ. ಅಂಥ ದೊಡ್ಡ ಹಡಗುಗಳು ಡೀಸೆಲ್ಲಿನವು. ಡೀಸೆಲ್ ಇಂಜಿನಿಗೆ ಕಿಡಿಯ ಪ್ಲಗ್ಗೇ ಇಲ್ಲ. ಅದುಮಿದ ಗಾಳಿಯ ಕಾವಿನಿಂದಲೇ ಅದು ಹೊತ್ತಿಕೊಳ್ಳುತ್ತದೆ.)

ಮೊದಲು ಪೆಟ್ರೋಲಿನ ಸ್ವಭಾವವನ್ನು ಹೇಳಬೇಕು. ನಮ್ಮ ತಾಯಂದಿರು ಸೀಮೆಎಣ್ಣೆಯ ಜೊತೆ ಬಾಳುವೆ ಮಾಡಿದವರು. ಸ್ಟೋವಿಗೆ ಎಣ್ಣೆ ಹಾಕುವಾಗ ಪಕ್ಕದಲ್ಲಿ ಬುಡ್ಡಿ ಉರಿಯುತ್ತಿದ್ದರೂ ಅನೇಕ ವೇಳೆ ಏನೂ ಆಗುತ್ತಿರಲಿಲ್ಲ. ಏಕೆಂದರೆ ಸೀಮೆಎಣ್ಣೆಯ ಆವಿ ಹೊತ್ತಬೇಕಾದರೆ ಅದು ಸುಮಾರು 35-40 ಡಿಗ್ರಿಗೆ ಕಾಯಬೇಕು. ಪೆಟ್ರೋಲು ಹಾಗಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದರ ಆವಿ ಹೊತ್ತಿಕೊಳ್ಳಬಲ್ಲುದು. ಆ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರದೆ ನೀರಿನಂತೆ ನೆಲದ ಮೇಲೆ ಹರಿದು ತಗ್ಗನ್ನು ಹುಡುಕುತ್ತದೆ. ನಾವು ದೀಪವನ್ನು ಇಟ್ಟದ್ದು ತಗ್ಗಿನ ಮೆಟ್ಟಿಲ ಮೇಲೆ! ಕಣ್ಣಿಗೆ ಕಾಣದ ಆ ಹೊಳೆ ಇಳಿಜಾರಿನಗುಂಟ ಹರಿದು ದೀಪವನ್ನು ತಾನಾಗಿಯೇ ಮುಟ್ಟಿತು. ಸೀಮೆಎಣ್ಣೆಯ ಕಾಲದ ಧೈರ್ಯವನ್ನು ಪೆಟ್ರೋಲಿನ ಮುಂದೆ ತೋರಿಸಲಾಗದು.

ಇನ್ನು ಇಂಜಿನಿನ ವಿಚಾರ. ಜರ್ಮನಿಯ ನಿಕೊಲಾಸ್ ಓಟೊ ಎಂಬಾತನು 1876ರಲ್ಲಿ ರೂಪಿಸಿದ ನಾಲ್ಕು ಹೊಡೆತಗಳ ಕ್ರಮವೇ ಇಂದಿಗೂ ಈ ಸಣ್ಣ ಜನರೇಟರಿನಲ್ಲಿ ನಡೆಯುತ್ತಿದೆ: ಹೀರುವುದು, ಅದುಮುವುದು, ಸಿಡಿಯುವುದು, ಹೊರಗೆ ದೂಡುವುದು. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 25 ಬಾರಿ ಒಳಗೆ ಸಿಡಿತವಾಗುತ್ತದೆ. ಇದಕ್ಕೆ ಬೇಕಾದುವು ಮೂರೇ. ತಕ್ಕ ಪ್ರಮಾಣದಲ್ಲಿ ಬೆರೆತ ಪೆಟ್ರೋಲು-ಗಾಳಿ, ತಕ್ಕ ಸಮಯದಲ್ಲಿ ಕಿಡಿ, ಸೋರದ ಅದುಮು. ಚಾಲೂ ಆಗದ ಇಂಜಿನಿನಲ್ಲಿ ಈ ಮೂರರಲ್ಲಿ ಒಂದು ಇಲ್ಲ. ಯಾವುದು ಇಲ್ಲ ಎಂದು ಅರಿಯುವುದೇ ಎಲ್ಲ ವಿದ್ಯೆ. ಬಿಚ್ಚುವುದು ಆಮೇಲಿನ ಮಾತು.

ಬೆರಕೆಯ ಪ್ರಮಾಣದ ಬಗ್ಗೆ ಒಂದು ಕುತೂಹಲಕರ ಸಂಗತಿ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 1.4ರಿಂದ 7.6 ಪಾಲಿನವರೆಗೆ ಇದ್ದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಮೆಯಾದರೂ ಹೊತ್ತದು, ಹೆಚ್ಚಾದರೂ ಹೊತ್ತದು. ಹತ್ತಾರು ಸಲ ಹಗ್ಗ ಎಳೆದಾಗ ಸಿಲಿಂಡರಿನೊಳಗೆ ಪೆಟ್ರೋಲು ತುಂಬಿ, ಹೊತ್ತಬೇಕಾದ ಜಾಗದಲ್ಲಿ ಹೊತ್ತುವುದಿಲ್ಲ. ಅದೇ ಪೆಟ್ರೋಲು ನೆಲಕ್ಕೆ ಚೆಲ್ಲಿ ಗಾಳಿಯಲ್ಲಿ ಹದವಾಗಿ ಬೆರೆತು, ಹೊತ್ತಬಾರದ ಜಾಗದಲ್ಲಿ ಹೊತ್ತುತ್ತದೆ. ಆ ಸಂಜೆ ನಮ್ಮಲ್ಲಿ ನಡೆದದ್ದು ಅಕ್ಷರಶಃ ಇದು.

ಆದಕಾರಣ ಕೈಹಚ್ಚುವ ಮುನ್ನ ಯಂತ್ರವನ್ನು ಬಯಲಿಗೆ ತಂದು ಸಮತಟ್ಟಾದ ನೆಲದ ಮೇಲಿರಿಸತಕ್ಕದ್ದು. ಅದು ಓಡಿ ಬಿಸಿಯಾಗಿದ್ದರೆ ಆರುವತನಕ ಕಾಯತಕ್ಕದ್ದು. ಬಿಸಿ ಸೈಲೆನ್ಸರಿನ ಮೇಲೆ ಬಿದ್ದ ಪೆಟ್ರೋಲಿಗೆ ಕಡ್ಡಿ ಗೀರಬೇಕಾಗಿಲ್ಲ. ಬೀಡಿ, ದೀಪ, ಅಗರಬತ್ತಿ ಯಾವುದೂ ಹತ್ತಿರ ಸುಳಿಯಕೂಡದು. ಬಕೆಟ್ಟಿನ ತುಂಬ ಮರಳು ಇರಲಿ; ಉರಿಯುವ ಪೆಟ್ರೋಲಿನ ಮೇಲೆ ನೀರು ಸುರಿದರೆ ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ. ಮಕ್ಕಳು ದೂರ ನಿಲ್ಲಬೇಕು. ಮಕ್ಕಳೇ, ಈ ಭಾಷಣ ನೀವು ಕೇಳಿ ತಿಳಿಯುವುದಕ್ಕಾಗಿ, ಪಾನಾ ಹಿಡಿಯುವುದಕ್ಕಲ್ಲ.

ಬಳಿಕ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಣ್ಣಿನಿಂದ ನೋಡಿರಿ. ಇಂಜಿನಿನ ಸ್ವಿಚ್ಚು ಹಾಕಿದೆಯೇ? ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ? ಅದರ ಕಾಕು ತೆರೆದಿದೆಯೇ? ಎಣ್ಣೆಯ ಮಟ್ಟ ಸರಿಯಿದೆಯೇ? ತಣ್ಣಗಿರುವ ಇಂಜಿನಿಗೆ ಚೋಕ್ ಮುಚ್ಚಿದೆಯೇ? ನಮ್ಮ ಮೆಕ್ಯಾನಿಕ್ಕನು ನಗುತ್ತ ಹೇಳಿದ್ದೇನೆಂದರೆ, ಅವನನ್ನು ಕರೆಸಿದ ಮನೆಗಳಲ್ಲಿ ಎಷ್ಟೋ ಕಡೆ ಅವನು ಮಾಡಿದ ದುರಸ್ತಿ ಸ್ವಿಚ್ಚು ಹಾಕಿದ್ದು ಅಥವಾ ಕಾಕು ತಿರುಗಿಸಿದ್ದು ಮಾತ್ರ. ಅದಕ್ಕೆ ಹಣ ಕೇಳಲು ಅವನಿಗೇ ಸಂಕೋಚವಂತೆ.

ಇವೆಲ್ಲ ಸರಿಯಿದ್ದರೆ ಪ್ಲಗ್ಗಿನ ಕಡೆ ಬರಬೇಕು. ಪ್ಲಗ್ಗು ಇಂಜಿನಿನ ನಾಲಗೆಯಿದ್ದಂತೆ. ವೈದ್ಯರು ಮೊದಲು ನಾಲಗೆ ತೋರಿಸೆನ್ನುವರಲ್ಲವೇ? ಕಾಕು ಮುಚ್ಚಿ, ಸ್ವಿಚ್ಚು ತೆಗೆದು, ಪ್ಲಗ್ಗಿನ ಟೋಪಿಯನ್ನು ಕಿತ್ತು, ಸುತ್ತಲ ಧೂಳನ್ನು ಒರೆಸಿ, ಪ್ಲಗ್ಗಿನ ಪಾನಾದಿಂದಲೇ ಬಿಚ್ಚಿರಿ. ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲವೆಂದು ಅರ್ಥ. ಟ್ಯಾಂಕಿನ ಕಡೆಯಿಂದ ಹುಡುಕಬೇಕು. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಆದರೆ ಕಿಡಿ ಇಲ್ಲ ಅಥವಾ ಪೆಟ್ರೋಲು ಅತಿಯಾಗಿದೆ. ಕಾಡಿಗೆಯಂತೆ ಕಪ್ಪಾಗಿದ್ದರೆ ಗಾಳಿ ಸಾಲದೆ ಉರಿದಿದೆ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು. ತುದಿಯ ಸಂದು ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರು. ಈಗ ನಮ್ಮ ಆ ಸಂಜೆಯನ್ನು ನೆನೆಯಿರಿ. ಪ್ಲಗ್ಗು ಒದ್ದೆಯಾಗಿತ್ತು. ಪೆಟ್ರೋಲಿನ ಕೊರತೆಯಿಲ್ಲವೆಂದು ಅದು ಸಾರಿ ಹೇಳಿತ್ತು. ಹೀಗಿರಲಾಗಿ ಕಾರ್ಬ್ಯುರೇಟರನ್ನು ಮುಟ್ಟುವ ಪ್ರಸಂಗವೇ ಇರಲಿಲ್ಲ. ನೆಲಕ್ಕೆ ಒಂದು ತೊಟ್ಟು ಪೆಟ್ರೋಲು ಬೀಳುವ ಅಗತ್ಯವೂ ಇರಲಿಲ್ಲ. ಪ್ಲಗ್ಗು ಉತ್ತರ ಕೊಟ್ಟಿತ್ತು. ನಮ್ಮ "ಬೇಗ, ಬೇಗ" ಅದನ್ನು ಕೇಳಗೊಡಲಿಲ್ಲ.

ಕಿಡಿಯ ಪರೀಕ್ಷೆಯನ್ನು ಕುರಿತು ನಾವು ಕಟುವಾಗಿ ಹೇಳಬೇಕಾಗಿದೆ. ಪ್ಲಗ್ಗನ್ನು ಇಂಜಿನಿನ ಮೈಗೆ ತಾಗಿಸಿ ಹಿಡಿದು ಹಗ್ಗ ಎಳೆದು ಕಿಡಿ ನೋಡುವುದು ಎಲ್ಲೆಡೆ ಬಳಕೆಯಲ್ಲಿರುವ ಕ್ರಮ. ಆದರೆ ಹಗ್ಗ ಎಳೆದಾಗ ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಆವಿ ಪಿಚಕಾರಿಯಂತೆ ಹೊರಬರುತ್ತದೆ. ಅದರ ಬಾಯಲ್ಲೇ ನಾವು ಕಿಡಿಯನ್ನು ಹಿಡಿದಿರುತ್ತೇವೆ. ಆ ಕಿಡಿಯ ವಿದ್ಯುತ್ತು ಹತ್ತು ಸಾವಿರ ವೋಲ್ಟಿಗೂ ಮಿಕ್ಕದ್ದು. ಕೈಗೆ ಹೊಡೆದರೆ ಕೈ ಜಿಗಿದು ಬೇರೆಡೆ ಬಡಿಯುತ್ತದೆ. ಪ್ಲಗ್ಗಿಗೂ ಅದರ ಟೋಪಿಗೂ ನಡುವೆ ಸಿಕ್ಕಿಸುವ ಒಂದು ಸಣ್ಣ ಪರೀಕ್ಷಕ ದೊರೆಯುತ್ತದೆ. ಅದರಲ್ಲಿ ಪ್ಲಗ್ಗು ತನ್ನ ತೂತಿನಲ್ಲಿಯೇ ಇರುತ್ತದೆ, ಕಿಡಿ ಇದ್ದರೆ ಪರೀಕ್ಷಕದೊಳಗೆ ದೀಪ ಮಿನುಗುತ್ತದೆ. ಅದು ಇಲ್ಲದವರು ಹೊಸ ಪ್ಲಗ್ಗನ್ನು ಹಾಕಿ ನೋಡಿರಿ. ಅದರ ಬೆಲೆ ಅರ್ಧ ದಿನದ ಕೂಲಿಗಿಂತ ಕಡಮೆ. ಆಗಲೂ ಚಾಲೂ ಆಗದಿದ್ದರೆ ಮೆಕ್ಯಾನಿಕ್ಕನ ಬಳಿಗೆ ಒಯ್ಯಿರಿ. ಅದು ಸೋಲಲ್ಲ.

ಪೆಟ್ರೋಲು ಹೆಚ್ಚಾಗಿ ತುಂಬಿದ ಇಂಜಿನಿಗೆ ಮದ್ದು ಕಾಯುವುದು. ಒರೆಸಿದ ಪ್ಲಗ್ಗನ್ನು ಹಾಕಿ, ಕಾಕು ಮುಚ್ಚಿ, ಚೋಕ್ ಪೂರ್ತಿ ತೆರೆದು, ಕಾಲು ಗಂಟೆ ಬಿಟ್ಟು ಎಳೆದರೆ ಬಹಳ ಸಲ ತಾನಾಗಿಯೇ ಹಿಡಿಯುತ್ತದೆ. ಹಗ್ಗವನ್ನು ಮೊದಲು ಮೆಲ್ಲಗೆ ಎಳೆದು, ಬಿಗಿ ಸಿಕ್ಕಮೇಲೆ ಜೋರಾಗಿ ಎಳೆಯಬೇಕು. ಆ ಬಿಗಿಯೇ ಅದುಮಿನ ಗುರುತು. ಹಗ್ಗ ಬಿಗಿಯಿಲ್ಲದೆ ಸರಾಗವಾಗಿ ಬಂದರೆ ವಾಲ್ವೋ ರಿಂಗೋ ಕೆಟ್ಟಿದೆ. ಅದು ನಮ್ಮ ನಿಮ್ಮ ಕೈಯ ಕೆಲಸವಲ್ಲ.

ಇನ್ನು ಹಳೆಯ ಪೆಟ್ರೋಲಿನ ಪೀಡೆ. ಮಳೆಗಾಲದಲ್ಲಿ ಮೂಲೆಗಿಟ್ಟ ಹುಲ್ಲಿನ ಯಂತ್ರ ಅಕ್ಟೋಬರಿನಲ್ಲಿ ಮುಷ್ಕರ ಹೂಡುವುದಕ್ಕೆ ಮುಖ್ಯ ಕಾರಣವೇ ಇದು. ಪೆಟ್ರೋಲಿನ ಹಗುರವಾದ ಭಾಗ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ ಕಾರ್ಬ್ಯುರೇಟರಿನ ಕೂದಲೆಳೆಯಂಥ ರಂಧ್ರವನ್ನು ಮುಚ್ಚುತ್ತದೆ. ಅದಲ್ಲದೆ ನಮ್ಮ ದೇಶದಲ್ಲಿ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆಸುವ ಗುರಿಯನ್ನು ಮುಟ್ಟಲಾಯಿತು. ಎಥನಾಲ್ ಎಂದರೆ ಬೇರೇನಲ್ಲ, ನಮ್ಮ ಊರ ಕಡೆಯ ಕಬ್ಬಿನ ಕಾರಖಾನೆಗಳಲ್ಲಿಯೂ ತಯಾರಾಗುವ ಮದ್ಯಸಾರ. ಅದಕ್ಕೆ ನೀರಿನ ಮೇಲೆ ಬಹಳ ಪ್ರೀತಿ. ಗೋವೆಯ ಜೂನ್-ಜುಲೈ ತಿಂಗಳ ಗಾಳಿಯಿಂದಲೇ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ಮದ್ಯಸಾರವೂ ನೀರೂ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಇಂಜಿನು ಮೊದಲು ಹೀರುವುದು ತಳದಿಂದಲೇ. ಆದ್ದರಿಂದ ತಿಂಗಳುಗಟ್ಟಲೆ ಇಡುವ ಯಂತ್ರದ ಟ್ಯಾಂಕನ್ನು ಬರಿದುಮಾಡಿ, ಅದು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುವುದು ಲೇಸು. ತೆಗೆದ ಪೆಟ್ರೋಲನ್ನು ಮುಚ್ಚಳವಿರುವ ತಕ್ಕ ಡಬ್ಬಿಯಲ್ಲಿ ಹಿಡಿಯಬೇಕೇ ಹೊರತು ನೆಲಕ್ಕೂ ಮೋರಿಗೂ ಬಿಡತಕ್ಕದ್ದಲ್ಲ. ಕೊಳವೆಯನ್ನು ಬಾಯಿಗಿಟ್ಟು ಎಳೆಯುವ ದುರಭ್ಯಾಸವನ್ನಂತೂ ಇಂದೇ ಬಿಡಿರಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ನಮ್ಮ ಹೊಲಗಳಲ್ಲಿ ಹಿಂದೆ ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಯಿಂದ ಓಡಿಸುತ್ತಿದ್ದ ಪಂಪುಗಳಿದ್ದುವು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸದೆ ನಿಲ್ಲಿಸಿದರೆ ಮರುದಿನ ಎಷ್ಟು ಎಳೆದರೂ ಅವು ಹಿಡಿಯುತ್ತಿರಲಿಲ್ಲ. ತಣ್ಣಗಿನ ಸೀಮೆಎಣ್ಣೆ ಏಕೆ ಹೊತ್ತದೆಂಬುದು ಆಗಲೇ ಹೇಳಿದ ಲೆಕ್ಕದಿಂದ ನಿಮಗೆ ತಿಳಿದೀತು. ಹಿರಿಯರು ಕಾರಣ ಹೇಳಲಾರದೆ ಹೋದರೂ ಕ್ರಮವನ್ನು ತಪ್ಪುತ್ತಿರಲಿಲ್ಲ.

ಇಂಜಿನು ಚಾಲೂ ಆಯಿತೆಂದರೆ ಅಪಾಯ ಮುಗಿಯಿತೆಂದಲ್ಲ. ಒಂದು ದೃಷ್ಟಿಯಿಂದ ದೊಡ್ಡ ಅಪಾಯ ಆಗಲೇ ಆರಂಭ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ ಬರುತ್ತವೆ. ದಣಿವೆಂದು ಮಲಗಿದವರು ಏಳುವುದಿಲ್ಲ. ಮಳೆ ಬರುತ್ತದೆಂದು ಜನರೇಟರನ್ನು ಪಡಸಾಲೆಯೊಳಗೆ, ಅರ್ಧ ಇಳಿಸಿದ ಶಟರಿನ ಹಿಂದೆ, ಬಾಡಿಗೆ ಕೋಣೆಗಳ ನಡುವಿನ ಓಣಿಯಲ್ಲಿ ಇಡುವುದನ್ನು ನಾವು ಕಂಡಿದ್ದೇವೆ. ಕಿಟಕಿ ತೆರೆದಿದ್ದರೆ ಸಾಕೆಂಬುದು ಭ್ರಮೆ. ಅದನ್ನು ಮನೆಯ ಬಾಗಿಲು ಕಿಟಕಿಗಳಿಂದ 20 ಅಡಿಯಾದರೂ ದೂರದಲ್ಲಿ, ಹೊಗೆ ಆಚೆ ಮುಖವಾಗುವಂತೆ ಇಡಬೇಕು. ಮಳೆಗೆ ನೆನೆಯುವುದಾದರೆ ಸುತ್ತ ತೆರೆದ ಚಪ್ಪರ ಹಾಕಬೇಕು. ಅದಕ್ಕೂ ಅನುಕೂಲವಿಲ್ಲವಾದರೆ ಆ ರಾತ್ರಿ ಕತ್ತಲಲ್ಲಿ ಕಳೆಯಿರಿ. ಅದರ ವಿದ್ಯುತ್ತನ್ನು ಗೋಡೆಯ ಪ್ಲಗ್ ಪಾಯಿಂಟಿಗೆ ಕೊಟ್ಟು ಇಡೀ ಮನೆಗೆ ಹಾಯಿಸುವ ಜಾಣತನವೂ ಬೇಡ. ಆ ವಿದ್ಯುತ್ತು ಹಿಮ್ಮುಖವಾಗಿ ಕಂಬಕ್ಕೆ ಹೋಗಿ, ತಂತಿ ಸರಿಪಡಿಸಲು ಹತ್ತಿದ ಲೈನ್‌ಮನ್ನನನ್ನು ಕೊಂದೀತು. ಅವನಿಗೂ ಮನೆಯಲ್ಲಿ ನಮ್ಮ ಶಾಲೆಯ ಮಕ್ಕಳಂಥ ಮಕ್ಕಳಿರುತ್ತಾರೆ.

ಈ ವರ್ಷ ಸಂಸ್ಥೆಯು ಶಾಲೆಗೆ ಸ್ವಂತದ ಒಂದು ಜನರೇಟರನ್ನು ಕೊಂಡಿದೆ. ಹಿಂಬದಿಯ ಬಯಲಿನಲ್ಲಿ ಅದಕ್ಕೆ ಸಮತಟ್ಟಾದ ಕಟ್ಟೆ ಕಟ್ಟಿದವರು ಕೈ ಸುಟ್ಟುಕೊಂಡ ಆ ಪಾಲಕರೇ. ಕೂಲಿಯನ್ನು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಜೊತೆಗೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಅವಶ್ಯವಾದ ಸಾಲುಗಳನ್ನು ಏಳನೆಯ ತರಗತಿಯ ಮಕ್ಕಳಿಂದ ಕನ್ನಡಕ್ಕೆ ಮಾಡಿಸಿದೆವು. ಒಂದು ಮರದ ಹಲಗೆಯ ಮೇಲೆ ಅವನ್ನು ಬಣ್ಣದಿಂದ ಬರೆದವಳು ಅವರ ಮಗಳು. ಸಭೆ ಮುಗಿದ ಬಳಿಕ ನೀವೆಲ್ಲರೂ ಹೋಗಿ ನೋಡಬಹುದು. ಅಕ್ಷರ ಗುಂಡಗೆ, ದೂರದಿಂದಲೂ ಓದುವಂತಿವೆ. ಎಣ್ಣೆ ನೋಡಿರಿ, ಕಾಕು ನೋಡಿರಿ, ಸ್ವಿಚ್ಚು ನೋಡಿರಿ, ಅವಸರ ಮಾಡಬೇಡಿರಿ ಎಂದು ನಾಲ್ಕು ಸಾಲು. ಐದನೆಯದು ಕೈಪಿಡಿಯಲ್ಲಿ ಇರಲಿಲ್ಲ, ಅವಳೇ ಸೇರಿಸಿದಳು. "ದೀಪ ತರಬಾರದು" ಎಂದಿದೆ. ಅದನ್ನು ಬರೆಯುವಾಗ ನಾವು ಪಕ್ಕದಲ್ಲಿಯೇ ನಿಂತಿದ್ದೆವು. ಅವಳು ನಮ್ಮ ಕಡೆ ತಿರುಗಿ ನೋಡಲಿಲ್ಲ.